ಎಮ್ಮೆಗಳು ಇಳಿಯದ ನೀರು

ನಾಲ್ವರು ವಿದೇಶಿ ವಿದ್ಯಾರ್ಥಿಗಳನ್ನು ನನ್ನ ಜೀಪಿನಲ್ಲಿ ಸತ್ತಿ ಊರಿನ ಹೊಳೆದಂಡೆಗೆ ಕರೆದೊಯ್ದಿದ್ದೆ. ಯುಗಾದಿಯ ಬಿಸಿಲು. ಅವರ ಮಾಸ್ತರರು ಕಬ್ಬಿನ ಹಾಲು ತರಲು ಊರೊಳಗೆ ಹೋದರು. ಅಷ್ಟರಲ್ಲೇ ಮೂವರು ಹುಡುಗರು ಅಂಗಿ ಕಳಚಿ ಕೃಷ್ಣೆಗೆ ಇಳಿದರು. ನಾಲ್ಕನೆಯವನು ಆಫ್ರಿಕಾದವನು. ಅವನಿನ್ನೂ ಬೂಟು ಬಿಚ್ಚುತ್ತಿದ್ದ.

ದಂಡೆಯಲ್ಲಿ ಎಮ್ಮೆ ಕಾಯುತ್ತಿದ್ದ ಮುದುಕಿ ನನ್ನನ್ನು ದುರುಗುಟ್ಟಿ ನೋಡಿದಳು.

"ಎಮ್ಮಿಗೋಳ ಇಳಿವಲ್ಲವು. ಇವರ್ಯಾಕ ಇಳದಾರ? ಮೊಸಳಿ ಐತಿ."

ಆ ಸುಡುಬಿಸಿಲಿನಲ್ಲೂ ಹತ್ತು ಎಮ್ಮೆಗಳು ನೀರಿನಿಂದ ದೂರವೇ ನಿಂತಿದ್ದವು. ಇಲ್ಲಿ ಎಮ್ಮೆ ಇಳಿದ ಮೇಲೆಯೇ ಮಂದಿ ಇಳಿಯುವುದು. ಅದು ಗೊತ್ತಿದ್ದೂ ನಾನು ಎಮ್ಮೆಗಳತ್ತ ನೋಡಿರಲಿಲ್ಲ. ನೀರಿನಂಚಿಗೆ ಓಡಿದೆ.

"ಮ್ಯಾಲ ಬರ್ರಿ, ಮೊಸಳಿ ಐತಿ" ಎಂದು ಕೂಗಿದೆ. ಅವರು ಕೈ ಬೀಸಿದರು. ನನಗೆ ಇಂಗ್ಲಿಷ್ ಬಾರದು. ಕಡೆಗೆ ಉಸುಕಿನ ಮೇಲೆ ಬೋರಲು ಮಲಗಿ, ಎರಡು ಕೈಗಳನ್ನು ಮೊಸಳೆಯ ಬಾಯಿಯಂತೆ ತೆರೆದು ಮುಚ್ಚಿ ತೋರಿಸಿದೆ. ಅವರು ನಕ್ಕರು. ಒಬ್ಬ ಇನ್ನೂ ಆಳಕ್ಕೆ ಹೋದ.

"ಈಜ ಕಲಸಾಕತ್ತಿ ಏನಪಾ?" ಎಂದಳು ಮುದುಕಿ.

ಆಫ್ರಿಕಾದ ಹುಡುಗ ನಗಲಿಲ್ಲ. ನನ್ನತ್ತ ನೋಡಲೂ ಇಲ್ಲ. ಎಮ್ಮೆಗಳನ್ನು ನೋಡಿದ, ನೀರನ್ನು ನೋಡಿದ. ಒಂದೇ ಬೂಟಿನಲ್ಲಿ ಓಡಿಹೋಗಿ ಗದರಿಸಿ ಮೂವರನ್ನೂ ಮೇಲೆ ಕರೆದ. ಅವರು ತಡಬಡಿಸಿ ದಂಡೆ ಹತ್ತಿದರು. ಅವನ ಊರಲ್ಲೂ ಹೊಳೆ ಇದೆಯಂತೆ, ದನ ಇವೆಯಂತೆ, ಮೊಸಳೆಯೂ ಇದೆಯಂತೆ. ಆಮೇಲೆ ಮಾಸ್ತರರು ಹೇಳಿದರು.

ಮರಳುವಾಗ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡೆ.

ಆ ದಿನ ಸತ್ತಿಯಲ್ಲಿ ಮಂದಿಗೆ ಕಂಡ ಮೊಸಳೆ ನಾನೊಬ್ಬನೇ.