ಗಿರಾಕಿಯ ಖಾಕಿ ತೊಟ್ಟು

ಶೈಲಾ, ಮಂಜುನಾಥ ನಿನ್ನನ್ನು ಬಿಟ್ಟು ಓಡಿಹೋಗಲಿಲ್ಲ. ಪೊಲೀಸ್ ವೇಷ ಹಾಕಿ ಅವನನ್ನು ಓಡಿಸಿದವನು ನಾನು — ನಿನ್ನ ಸೋದರಮಾವ.

ಹತ್ತು ವರ್ಷದ ಮೇಲಾಯಿತು. ನೀನು ಅವನನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದೆ. ಅವನ ಮೇಲೆ ನನಗಿದ್ದ ದೂರು ಒಂದೇ — ಅವನು ನಮ್ಮ ಜಾತಿಯವನಲ್ಲ. ಸರಸ್ವತಿಪುರಂನ ನನ್ನ ಟೈಲರ್ ಅಂಗಡಿಯಲ್ಲಿ ಒಬ್ಬ ಸಬ್ ಇನ್‌ಸ್ಪೆಕ್ಟರಿಗೆ ಹೊಲಿದಿದ್ದ ಯೂನಿಫಾರಂ ತೂಗುತ್ತಿತ್ತು. ಒಂದು ಸಂಜೆ ಬಾಗಿಲು ಎಳೆದುಕೊಂಡು ಅದನ್ನು ತೊಟ್ಟೆ. ಹೆಗಲು ಚೆನ್ನಾಗಿ ಕೂತಿದೆಯೆಂದು — ಹೇಳಲು ನಾಚಿಕೆಯಾಗುತ್ತದೆ — ಕನ್ನಡಿಯ ಮುಂದೆ ಖುಷಿಪಟ್ಟೆ.

ರಾಮಕೃಷ್ಣನಗರದ ಅವನ ರೂಮಿಗೆ ಹೋದೆ. ಅವನು ನನ್ನನ್ನು ಎಂದೂ ನೋಡಿರಲಿಲ್ಲ. ನನ್ನ ಕಾಲಲ್ಲಿ ಹವಾಯಿ ಚಪ್ಪಲಿಯಿತ್ತು, ಅದನ್ನೂ ಗಮನಿಸಲಿಲ್ಲ. ಖಾಕಿ ಕಂಡದ್ದೇ ಗಾಬರಿಯಿಂದ ಎದ್ದು, ನನಗೆ ಕೂರಲು ಕುರ್ಚಿ ಒರೆಸಿದ.

"ಹುಡುಗಿ ಹಿಂದೆ ಬಿದ್ದಿದ್ದೀಯಂತೆ? ಕೇಸ್ ಹಾಕುದ್ರೆ ಎಲ್ಲೂ ಕೆಲ್ಸ ಸಿಗಲ್ಲ ಕಣೋ. ಊರು ಬುಟ್ಟು ಹೋಗು."

ಅವನು ಮೆಲ್ಲಗೆ ಕೇಳಿದ: "ಸರ್, ಕಂಪ್ಲೇಂಟ್ ಕೊಟ್ಟಿದ್ದು ಶೈಲಾನೇನಾ?"

ಇಲ್ಲ ಎನ್ನಬಹುದಿತ್ತು. ಮನೆಯವರು ಕೊಟ್ಟದ್ದು ಎನ್ನಬಹುದಿತ್ತು. ನಾನು —

"ಹೂಂ, ಅವ್ಳೇ."

ನಾನು ಹೇಳಿದಂತೆ ಅವನು ನಿನ್ನ ನಂಬರನ್ನು ನನ್ನೆದುರಿಗೇ ಅಳಿಸಿದ.

ಮರುವಾರ ನೀನು ನನ್ನ ಅಂಗಡಿಯಲ್ಲಿ ಕೂತು ಅತ್ತೆ. "ಒಂದ್ ಮಾತೂ ಹೇಳ್ದೆ ಹೋಗ್ಬುಟ್ಟ ಮಾವ." ನಾನು ಕಾಫಿ ತರಿಸಿಕೊಟ್ಟೆ. ಅಂಥವನಿಗಾಗಿ ಅಳಬೇಡ ಎಂದೆ. ಆಮೇಲೆ ಬಂದ ಸಂಬಂಧಗಳನ್ನೆಲ್ಲ ನೀನು ಬೇಡವೆಂದಾಗ, ನಿನ್ನದೇ ಮೊಂಡುತನ ಎಂದು ನಿನ್ನಮ್ಮನ ಜೊತೆ ಸೇರಿ ನಾನೂ ಬೈದೆ.

ಮೊನ್ನೆ ಪರಿಚಯದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಅಳತೆ ಕೊಡುತ್ತಾ, ಯಾರೋ ನಕಲಿ ಪೊಲೀಸ್ ಸಿಕ್ಕಿಬಿದ್ದ ಸುದ್ದಿ ಹೇಳಿದರು. "ದುಡ್ಡು ಕಿತ್ತಿಲ್ಲ ಅಂದ್ರೂ ಬಿಡಲ್ಲ ಕಣ್ರೀ. ಪೊಲೀಸ್ ಅಂತ ನಂಬ್ಸಿ ಹೆದರ್ಸಿದ್ರೆ ಸಾಕು, ಜೈಲೇ. ಯಾಕ್ರೀ ಅದೇ ತೋಳನ್ನೇ ಮತ್ತೆ ಅಳೀತಿದ್ದೀರಿ, ನೀವೇನಾದ್ರೂ ನನ್ ಬಟ್ಟೆ ಹಾಕ್ಕೊಂಡು ಹೋಗಿದ್ರಾ?" ಎಂದು ನಕ್ಕರು. ನಾನೂ ನಕ್ಕೆ.

ಖಾಕಿ ತೊಟ್ಟದ್ದಕ್ಕೆ ಕಾನೂನಿದೆ. ನಿನ್ನ ಹೆಸರು ಹೇಳಿ ಆಡಿದ ಆ ಸುಳ್ಳಿಗೆ —

ವಿಚಾರಿಸಿ ತಿಳಿದುಕೊಂಡೆ, ಮಂಜುನಾಥ ಈಗ ಊರಿಗೆ ಮರಳಿ ಶ್ರೀರಾಂಪುರದಲ್ಲಿದ್ದಾನೆ. ಹೆಂಡತಿ, ಮಗು ಇದ್ದಾರೆ. ನಾಳೆ ಹೋಗಿ, ನೀನು ಯಾವ ದೂರನ್ನೂ ಕೊಟ್ಟಿರಲಿಲ್ಲ ಎಂದು ಹೇಳುತ್ತೇನೆ. ಅವನು ಸ್ಟೇಷನ್ನಿಗೆ ಕರೆದೊಯ್ದರೆ ಅಲ್ಲೂ ಒಪ್ಪಿಕೊಳ್ಳುತ್ತೇನೆ. ಆದರೆ ಇದು ಮೊದಲು ನಿನಗೆ ತಿಳಿಯಬೇಕಿತ್ತು. ಇಷ್ಟು ವರ್ಷ ಪ್ರತಿ ಹಬ್ಬಕ್ಕೂ ನೀನು ಬಡಿಸಿದ್ದನ್ನು ಉಂಡು ಬಂದೆ, ಹೇಳಲಿಲ್ಲ.