ಹಾಲೇಶನ ಕೆಲಸ ಬಿಡಿಸಿದ್ದು

ನೆಮ್ಮದಿಯಿಂದ ದುಡಿಯುವವನನ್ನು ಕಂಡರೆ ಗುಮಾಸ್ತನ ನಾಲಿಗೆ ತುರಿಸುತ್ತದೆ. ನಾನೂ ಗುಮಾಸ್ತನೇ ಆದ್ದರಿಂದ ಇದನ್ನು ಸಾಧಿಕಾರವಾಗಿ ಹೇಳಬಲ್ಲೆ. ಎಪ್ಪತ್ತರ ದಶಕದ ಕೊನೆಯಲ್ಲಿ ಹೊನ್ನಾಳಿಯ ಕಚೇರಿಯೊಂದರಲ್ಲಿ ಫೈಲುಗಳ ಧೂಳು ಕುಡಿಯುತ್ತಿದ್ದ ನಾವು ನಾಲ್ವರು ತರುಣರು, ಮಧ್ಯಾಹ್ನದ ಚಹಾದ ಹೊತ್ತಿಗೆ ಸರಿಯಾಗಿ ಮಹೋದ್ಯಮಿಗಳಾಗುತ್ತಿದ್ದೆವು. ಒಬ್ಬ ಸೋಡಾ ಫ್ಯಾಕ್ಟರಿ ತೆರೆಯುತ್ತಿದ್ದ, ಇನ್ನೊಬ್ಬ ಚನ್ನಗಿರಿಯಲ್ಲಿ ಟೈಪಿಂಗ್ ಶಾಲೆ. ನಾನು ಜಗಳೂರಿಗೆ ಬಸ್ಸು ಬಿಡುತ್ತಿದ್ದೆ. ಚಹಾ ಮುಗಿದರೆ ಉದ್ಯಮವೂ ಮುಗಿಯಿತು. ಸಂಬಳದ ದಿನವಂತೂ ಆ ಮಾತೇ ಇಲ್ಲ. ನಮ್ಮ ಅತೃಪ್ತಿ ಅಷ್ಟು ಶಿಸ್ತಿನದು.

ಕಚೇರಿಯ ಎದುರಿನ ದರ್ಜಿ ಅಂಗಡಿಯಲ್ಲಿ ಹಾಲೇಶನೆಂಬ ಕಟಿಂಗ್ ಮಾಸ್ಟರ್ ಇದ್ದ. ಬೆಲ್‌ಬಾಟಮ್ ಕತ್ತರಿಸುತ್ತ ತನ್ನಷ್ಟಕ್ಕೆ ಗುನುಗುತ್ತಿದ್ದ. ಮಾಲೀಕ ಒಳ್ಳೆಯವನು, ಕೆಲಸ ಇಷ್ಟದ್ದು. ಅವನಿಗೆ ಬೇರೇನೂ ಬೇಕಿರಲಿಲ್ಲ. ಇಂಥ ಅನ್ಯಾಯವನ್ನು ನಾವು ಸಹಿಸುವುದುಂಟೇ?

"ಕೈಚಳಕ ನಿಂದು, ಬೋರ್ಡು ಅವರದು! ಸ್ವಂತ ಅಂಗಡಿ ಹಾಕೋ ಮಾರಾಯ" ಎಂದು ದಿನಾ ಅವನ ತಲೆ ತಿಂದೆವು.

"ಇಲ್ಲೇ ಚೆಂದಾಗೈತಲ್ಲ ಸಾರ್" ಎಂದು ನಗುತ್ತಿದ್ದ.

ಅವನ ಸಂತೃಪ್ತಿಗೆ ಅಂಜುಬುರುಕತನವೆಂದು ನಾಮಕರಣ ಮಾಡಿ, ನಮ್ಮೆಲ್ಲರ ಬಟ್ಟೆಯೂ ನಿನ್ನಲ್ಲೇ ಎಂದು ಮಾತು ಕೊಟ್ಟು, ಅಂತೂ ಹೊರಡಿಸಿದೆವು. ಅನ್ನ ಕೊಟ್ಟ ಮಾಲೀಕನ ಎದುರಿಗೆ ಅಂಗಡಿ ಹಾಕಲು ಮನಸ್ಸೊಪ್ಪದೆ, ಮನೆಯ ಎರಡು ಎಮ್ಮೆ ಮಾರಿ ಹಾಲೇಶ ನ್ಯಾಮತಿಯಲ್ಲಿ ಅಂಗಡಿ ತೆರೆದ. ಪೂಜೆಗೆ ನಾಲ್ವರೂ ಹೋಗಿ ಲಾಡು ತಿಂದು, ಬೆನ್ನು ತಟ್ಟಿ ಬಂದೆವು.

ದೀಪಾವಳಿ ಬಂತು. ಎರಡು ಅಂಗಿಗಾಗಿ ನ್ಯಾಮತಿಯ ಬಸ್ಸು ಹತ್ತುವವರಾರು? ಹಳೆಯ ಅಂಗಡಿ ಕಣ್ಣೆದುರಿಗೇ ಇತ್ತು. ನಾಚಿಕೆಗೆಟ್ಟವನು, ಅಲ್ಲೇ ಅಳತೆ ಕೊಟ್ಟೆ. ಉಳಿದ ಮೂವರೂ ಕೊಟ್ಟರು.

ಮುಂದಿನ ಮಳೆಗಾಲದೊಳಗೆ ಹಾಲೇಶನ ಅಂಗಡಿ ಮುಚ್ಚಿತು. ಹಳೆಯ ಮಾಲೀಕ ಕನಿಕರದಿಂದ ಸೇರಿಸಿಕೊಂಡ. ಆದರೆ ಕತ್ತರಿ ಆಗಲೇ ಬೇರೊಬ್ಬನ ಕೈ ಸೇರಿದ್ದರಿಂದ ಇವನಿಗೆ ಮೂಲೆಯಲ್ಲಿ ಕೂತು ಗುಂಡಿ ಹಚ್ಚುವ, ಕಾಜಾ ಹೊಲಿಯುವ ಕೆಲಸ ಸಿಕ್ಕಿತು. ನಮ್ಮ ತಂಡ "ಪಾಪ, ದುಡುಕಿಬಿಟ್ಟ" ಎಂದು ತೀರ್ಪಿತ್ತು ಚಹಾ ಹೀರಿತು. ಥೂ, ನಮ್ಮ ಜನ್ಮಕ್ಕಿಷ್ಟು!

ಒಂದು ಬೆಳಿಗ್ಗೆ ಅಂಗಿ ತರಲು ಹೋದವನು, ಏನಾದರೂ ಆಡಬೇಕಲ್ಲ ಎಂದು, "ಬೇಜಾರೇನಪ್ಪಾ?" ಎಂದೆ.

ಹಾಲೇಶ ಸೂಜಿಯಿಂದ ಕಣ್ಣೆತ್ತದೆ ಹೇಳಿದ: "ನಂಗೆ ಕೆಲ್ಸ ಹಿಡಿಸಿತ್ತು ಸಾರ್, ಆದ್ರೂ ಬಿಟ್ಟೆ. ನಿಮಗೆ ನಿಮ್ದು ಹಿಡಿಸಾದೇ ಇಲ್ಲ ಅಂತಿದ್ರಿ. ನೀವ್ಯಾಕ್ರೀ ಬಿಡ್ಲಿಲ್ಲ?"

ಅಂಗಿಯನ್ನು ಕಂಕುಳಲ್ಲಿ ಅವುಚಿಕೊಂಡು ರಸ್ತೆ ದಾಟಿದೆ. ನನ್ನ ನೌಕರಿಯ ಜೀವನದಲ್ಲಿ ಅಂದೊಂದೇ ದಿನ, ಜವಾನ ಬೀಗ ತೆಗೆಯುವ ಮುಂಚೆಯೇ ನಾನು ಕಚೇರಿಯ ಬಾಗಿಲಲ್ಲಿ ನಿಂತಿದ್ದೆ.