ಕೆಸರ ಗಾಡಿಯ ಹಿಂದಿನ ಸೀಟು

ನೆರೆಮನೆಯ ಬಾಯಾರ ಬಲಗಾಲಿನ ಮೀನಖಂಡದ ಮೇಲೆ ಒಂದು ಸುಟ್ಟ ಕಲೆಯಿತ್ತು. ಎಳೆಯ ವೀಳ್ಯದೆಲೆಯಷ್ಟು ಅಗಲ, ಸುತ್ತಲಿನ ಚರ್ಮಕ್ಕಿಂತ ನುಣುಪು. ಗೋಡೆಗೆ ಒರಗಿ ಕಾಲು ಚಾಚಿದಾಗ ಸೀರೆ ಸರಿದು ಕಾಣುತ್ತಿತ್ತು. "ಸೈಲೆನ್ಸರ್ ಹಾಕಿದ ಹಚ್ಚಿ ಇದು" ಎನ್ನುತ್ತಿದ್ದರು.

ರೋಣದಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮೆಣಸಗಿ ಸುತ್ತಿನ ಹಳ್ಳಿಗಳಲ್ಲಿ ನರ್ಸಾಗಿದ್ದು ನಿವೃತ್ತರಾದವರು. ನರ್ಸಮ್ಮನನ್ನು ನಮ್ಮ ಕಡೆ ಕರೆಯುವ ಹಾಗೆ ಊರಿಗೆಲ್ಲ ಬಾಯಾರು, ನನಗೂ ಬಾಯಾರು. ಮಕ್ಕಳಿರಲಿಲ್ಲ. ಯಜಮಾನರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಮಣ್ಣುಹಾದಿಯ ರೇಸಿಗೆಂದೇ ಮಾಡಿದ ಹಳೆಯ ಮೋಟರ್‌ಸೈಕಲ್ಲೊಂದನ್ನು ಅವರು ಹುಬ್ಬಳ್ಳಿಯಿಂದ ಕೊಂಡು ತಂದದ್ದು ಹೆಂಡತಿಯ ಡ್ಯೂಟಿಗಾಗಿ. ಎರೆಮಣ್ಣು ಹಸಿಯಾದರೆ ಬೇರೆ ಗಾಡಿಗಳ ಮಡ್‌ಗಾರ್ಡಿನೊಳಗೆ ಮೆತ್ತಿಕೊಂಡು ಗಾಲಿಯನ್ನೇ ಕಚ್ಚಿ ಹಿಡಿಯುತ್ತದೆ. ಇದರ ಮಡ್‌ಗಾರ್ಡು ಗಾಲಿಗಿಂತ ಒಂದು ಗೇಣು ಮೇಲಿತ್ತು. ಸೈಲೆನ್ಸರ್ ಕೂಡ ಸೀಟಿನ ಮಗ್ಗುಲಿಗೆ ಏರಿತ್ತು. ಜನ ಅದನ್ನು ಕೆಸರ ಗಾಡಿ ಎಂದರು.

ಬಾಯಾರು ಅದನ್ನು ಎಂದೂ ಓಡಿಸಲಿಲ್ಲ. ಬಿಳಿ ಸೀರೆಯಲ್ಲೇ ಎರಡೂ ಕಡೆ ಕಾಲು ಹಾಕಿ ಹಿಂದೆ ಕೂರುತ್ತಿದ್ದರು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳಿಸದು. ಗಂಡನ ಹೆಗಲಿಗೆ ಎರಡು ಸಲ ತಟ್ಟಿದರೆ ಹೊರಡು, ಒಂದು ಸಲ ತಟ್ಟಿದರೆ ನಿಲ್ಲು. ಗಂಡಸರ ಹಾಗೆ ಕೂರುತ್ತಾರೆಂದು ಕಟ್ಟೆಯ ಮೇಲಿನವರು ಆಡಿಕೊಂಡಾಗ ಅವರು ಕೊಟ್ಟ ಉತ್ತರ ಇನ್ನೂ ಓಣಿಯಲ್ಲಿದೆ: "ಹಡಿಯಾಕಿ ಅಲ್ಲಿ ಬ್ಯಾನಿ ತಿನ್ನಾಕತ್ತಾಳ. ನಾ ಇಲ್ಲಿ ಸೆರಗ ಸರಿ ಮಾಡ್ಕೋಂತ ಕುಂದರ್ಲೇನು?"

ಅವ್ವನ ತವರು ಮೆಣಸಗಿ. ಹೊಳೆ ಏರಿ ಬಸ್ಸು ನಿಂತ ದಿನ ನಾನು ಅಲ್ಲಿ ಹುಟ್ಟಿದೆ. ಕೆಸರ ಗಾಡಿಯ ಸದ್ದು ಕಿವಿಗೆ ಬಿದ್ದ ಮೇಲೆಯೇ ಜೀವ ಬಂತು ಎಂದು ಅವ್ವ ಈಗಲೂ ಹೇಳುತ್ತಾಳೆ.

ಯಜಮಾನರು ತೀರಿಕೊಂಡ ಮೇಲೆ ಗಾಡಿ ಹಿತ್ತಲಿನ ತಗಡಿನ ಕೆಳಗೆ ನಿಂತುಬಿಟ್ಟಿತು. ಟೈರು ಬಿರಿದವು. ಸೀಟಿನೊಳಗೆ ಇಲಿಗಳು ಸಂಸಾರ ಹೂಡಿದವು.

ಕಳೆದ ವರ್ಷ ಬಾಯಾರಿಗೆ ಅಂಗಳ ದಾಟುವಷ್ಟರಲ್ಲಿ ಉಸಿರು ಸಿಕ್ಕಿಕೊಳ್ಳತೊಡಗಿತು. ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಹೃದಯದ ಕವಾಟ ಬದಲಿಸಬೇಕು, ತಡ ಮಾಡಬೇಡಿ ಎಂದರು ಡಾಕ್ಟರು. ಮರಳುವ ಬಸ್ಸಿನಲ್ಲಿ ಬಾಯಾರು ತಮ್ಮ ಕರಾರು ಹೇಳಿದರು.

"ಮೊದಲ ಕೆಸರ ಗಾಡಿ ಚಾಲೂ ಆಗ್ಲಿ ತಂಗಿ. ಒಮ್ಮಿ ಹಿಂದ ಕುಂತು ಮೆಣಸಗಿಗೆ ಹೋಗಿ ಬರ್ತೀನಿ. ಆಮ್ಯಾಲ ಅವರು ಎದಿ ಕೊಯ್ಲಿ, ಹೊಟ್ಟಿ ಕೊಯ್ಲಿ."

"ಬಸ್ಸಿಗೆ ಹೋಗಿ ಬರೂಣಲ್ರಿ ಬಾಯಾರ?"

"ಬಸ್ಸಿನ್ಯಾಗ ಯಾರ ಹೆಗಲ ತಟ್ಟಲಿ?"

ನಾನು ವಾದ ಮಾಡುವವಳಲ್ಲ. ಗಜೇಂದ್ರಗಡದಿಂದ ಹಳೆ ಗಾಡಿ ಬಲ್ಲ ಮಿಸ್ತ್ರಿಯೊಬ್ಬರನ್ನು ಕರೆಸಿದೆ. ಅವರು ವಾರಕ್ಕೊಮ್ಮೆ ಬರುತ್ತಿದ್ದರು. ನಾನು ನರಗುಂದದ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಓಣಿಯ ತುದಿಯಲ್ಲಿ ನಿಂತು ಕಿವಿಗೊಡುತ್ತಿದ್ದೆ. ಎಂಜಿನ್ ಸದ್ದಿರುತ್ತಿರಲಿಲ್ಲ. ಆಮೇಲೆ ಮನೆಯೊಳಗಿಂದ ಗೋಡೆಯಾಚೆಯ ಅವರ ಕೆಮ್ಮಿಗೆ ಕಿವಿ. ಕೇಳಿಸಿದರೆ ಒಂದು ಭಯ, ಕೇಳಿಸದಿದ್ದರೆ ಇನ್ನೊಂದು. ಆಸ್ಪತ್ರೆಯವರು ಫೋನು ಮಾಡುತ್ತಲೇ ಇದ್ದರು. ಬಾಯಾರ ಕಾಲು ಬಾತು ಆ ಕಲೆ ಹಿಗ್ಗಿ ಹೊಳೆಯುತ್ತಿತ್ತು. ಮಾತಾಡಿಸುವ ನೆಪದಲ್ಲಿ ಹೋಗಿ ದಿನವೂ ಅದನ್ನೇ ನೋಡಿ ಬರುತ್ತಿದ್ದೆ.

ಟೈರು ಬಂದವು, ಕಾರ್ಬುರೇಟರ್ ತೊಳೆದಾಯಿತು, ಪ್ಲಗ್ ಹೊಸದಾಯಿತು. ಆದರೂ ಗಾಡಿ ಒಂದು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು.

"ಬೆಂಕಿ ಐತಿ, ಪೆಟ್ರೋಲ್ ಐತಿ. ಇನ್ನೇನ್ ಬೇಕಂತೈತೋ ಅಲ್ಲಾನ ಬಲ್ಲ" ಎಂದು ಮಿಸ್ತ್ರಿ ಬೆವರು ಒರೆಸಿಕೊಂಡರು. "ಗುಜರಿಗೆ ಹಾಕಿಬಿಡ್ರಿ ಬಾಯಾರ."

"ಸುಮ್ನಿರಪಾ ಮಿಸ್ತ್ರಿ. ಎಷ್ಟೋ ಕೂಸು ಹುಟ್ಟಿದ ಕೂಡ್ಲೆ ಅಳೂದಿಲ್ಲ. ಹಂಗಂತ ಗುಜರಿಗೆ ಹಾಕ್ತೀವೇನು?"

ಗೋಡೆ ಹಿಡಿದು ಎದ್ದು ಬಂದರು. ಬಗ್ಗಿ, ಈಗಷ್ಟೇ ಹುಟ್ಟಿದ ಕೂಸಿನ ಮೂಗಿಗೆ ಹಿಡಿಯುವ ಹಾಗೆ, ಸೈಲೆನ್ಸರಿನ ಬಾಯಿಗೆ ಅಂಗೈಯ ಹಿಂಬದಿ ಹಿಡಿದರು. "ಒದಿ" ಎಂದರು. ಮಿಸ್ತ್ರಿ ಒದ್ದರು. "ಇನ್ನೊಮ್ಮಿ."

"ಇದು ಉಸಿರ ಬಿಡವಲ್ದು" ಎಂದವರು ಹಾಗೇ ಹೊಸ್ತಿಲ ಮೇಲೆ ಕುಳಿತುಬಿಟ್ಟರು. "ಅವರು ಹೋದ ದಿನ ಮೂಗಿಗೆ ಹತ್ತಿ ಅರಳಿ ಇಟ್ಟೆ. ಉಳದದ್ದು ಕೈಯಾಗಿತ್ತು. ಇಲಿ ಹೊಕ್ಕಾವಂತ ಇದರ ಬಾಯಿಗೂ ತುರುಕಿದೆ. ನಾನ ತುರುಕಿ ನಾನ ಮರತೀನಿ ನೋಡು."

ಡ್ಯೂಟಿಯ ಚೀಲದಿಂದ ಉದ್ದನೆಯ ಚಿಮಟ ತರಿಸಿಕೊಂಡು ಅವರೇ ಎಳೆದರು. ಕಪ್ಪಾಗಿ ಗಟ್ಟಿಯಾಗಿದ್ದ ಅರಳೆ ತುಣುಕು ತುಣುಕಾಗಿ ಬಂತು. ಏದುಸಿರು ಬಿಡುತ್ತಲೇ ಕೊನೆಯ ಎಳೆಯವರೆಗೂ ತೆಗೆದರು.

"ಹೆರಿಗಿ ಭಾಳ ತ್ರಾಸಿನದಾತ್ರಿ ಬಾಯಾರ!" ಎಂದರು ಮಿಸ್ತ್ರಿ.

"ಅಳ್ತೈತೋ ಇಲ್ಲೋ, ಒದ್ದು ನೋಡು."

ಗಾಡಿ ಅತ್ತಿತು. ಹಿತ್ತಲು ತುಂಬ ನೀಲಿ ಹೊಗೆ. ಬಾಯಾರು ನಗುತ್ತಿದ್ದರು, ಕೆಮ್ಮುತ್ತಿದ್ದರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ಕೆಮ್ಮನ್ನಷ್ಟೇ ಗಮನಿಸುತ್ತಿದ್ದೆ.

ಸ್ಕೂಟಿ ಮಾತ್ರ ಓಡಿಸಿ ಗೊತ್ತಿದ್ದ ನನಗೆ ಮಿಸ್ತ್ರಿ ಬಯಲಿನಲ್ಲಿ ಗೇರು ಹಾಕುವುದನ್ನು ಕಲಿಸಿದರು. ಭಾನುವಾರ ಬೆಳಿಗ್ಗೆ ಬಾಯಾರನ್ನು ಹಿಂದೆ ಕೂರಿಸಿಕೊಂಡೆ. ಹೆಗಲಿಗೆ ಎರಡು ಸಲ ತಟ್ಟಿದರು. ಹೊರಟೆ. ಪ್ರತಿ ತಗ್ಗಿಗೂ ಬ್ರೇಕು ಹಿಡಿದು ಮೆಲ್ಲಗೆ ಇಳಿಸುತ್ತಿದ್ದೆ. ಮೆಣಸಗಿಗೆ ಅವರು ಹೋಗುತ್ತಿದ್ದ ಒಳದಾರಿಯಲ್ಲಿ, ಡಾಂಬರು ಮುಗಿದು ಎರೆಮಣ್ಣು ಶುರುವಾಗುವಲ್ಲಿ, ಹೆಗಲ ಮೇಲೆ ಒಂದೇ ಒಂದು ತಟ್ಟು.

ನಿಲ್ಲಿಸಿದೆ. ಅವರ ಹಣೆ ನನ್ನ ಬೆನ್ನಿಗೆ ಒರಗಿತ್ತು. ಒಂದೊಂದು ಉಸಿರೂ ಎಲ್ಲಿಂದಲೋ ಎಳೆದು ತಂದಂತಿತ್ತು.

"ಎದಿ ಒಲ್ಲೆ ಅಂತೈತಿ ತಂಗಿ. ಸಾಕು. ಉಳದ ಹಾದಿ ಆಪರೇಷನ್ ಆದಮ್ಯಾಲ. ಹುಬ್ಬಳ್ಳಿಗೆ ಫೋನ್ ಹಚ್ಚು."

ಹುಬ್ಬಳ್ಳಿಗೆ ಹೊರಡುವ ದಿನ ನನ್ನ ಕೈಯಿಂದಲೇ ಸೈಲೆನ್ಸರಿಗೆ ಹೊಸ ಅರಳೆ ತುರುಕಿಸಿದರು. "ನಾ ಬರೂತನಕ ಇಲಿ ಹೊಗಬಾರ್ದು. ತುದಿ ಹೊರಗ ಬಿಡು, ಈ ಸಲ ಮರೀಬಾರ್ದು."

ಆಪರೇಷನ್ ಆಯಿತು. ಎಚ್ಚರಾಗಿ ಮಾತಾಡಿದರು, ಗಾಡಿ ಹೇಗಿದೆ ಎಂದು ಕೇಳಿದರು. ಆಮೇಲೆ ಜ್ವರ ಬಂತು. ಅದು ಇಳಿಯಲಿಲ್ಲ. ಮನೆಗೆ ಅವರ ದೇಹ ಬಂತು.

ಮುಖದ ಕಡೆ, ಮೂಗಿನ ಅರಳೆಯ ಕಡೆ ನೋಡಲಾರದೆ ನಾನು ಕಾಲಿನ ಕಡೆ ನಿಂತೆ. ಬಾವು ಇಳಿದಿತ್ತು. ಕಲೆ ಮತ್ತೆ ಎಳೆಯ ವೀಳ್ಯದೆಲೆಯಷ್ಟೇ ಆಗಿತ್ತು. ಸಂಜೆ ಮಣ್ಣು ಮಾಡಿ ಬಂದೆವು.

ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ, ಹೊರಗೆ ಬಿಟ್ಟಿದ್ದ ತುದಿ ಹಿಡಿದು ಅರಳೆ ಎಳೆದೆ. ಕಿಕ್ಕರ್ ಒದ್ದೆ. ಮೂರನೆಯ ಸಲಕ್ಕೆ ಹಿಡಿಯಿತು. ಡಾಂಬರು ಮುಗಿಯುವಲ್ಲಿ ಗಾಡಿಯ ವೇಗ ತಗ್ಗಿಸಿದೆ. ಹೆಗಲಿಗೆ ಯಾರೂ ತಟ್ಟಲಿಲ್ಲ. ಮೆಣಸಗಿಯ ಹೊಳೆ ಕಾಣುವವರೆಗೂ ನಿಲ್ಲಿಸದೆ ಹೋದೆ.